‘ಅಂತೆ’ಯ ಮಾತೂ ಸಾಕ್ಷಿಯ ಮಾತೂ



ಕೇಳಿದ ಮಾತನ್ನು ನಂಬುವದಕ್ಕೆ ಮುಂಚೆ ಅದನ್ನು ವಿಚಾರಿಸಿ ನೋಡುವದು ವಿಶ್ವಾಸಿಗೆ ಯುಕ್ತವೋ ಅಲ್ಲವೋ, ಮತ್ತು ಹಾಗೆ ವಿಚಾರಿಸುವದನ್ನು ನಮ್ಮ ಮಕ್ಕಳಿಗೆ ಕಲಿಸಬಹುದೋ ಕಲಿಸಬಾರದೋ, ಎಂಬ ಪ್ರಶ್ನೆಯನ್ನು ಈ ತಿಂಗಳು ಪರ್ಯಾಲೋಚಿಸಬೇಕೆಂದಿದ್ದೇವೆ. ಸಭೆಯಲ್ಲಿ ಭಕ್ತಿಯುಳ್ಳ ಹಿರಿಯರು ಕೆಲವರು ಹೇಳುವದೇನಂದರೆ, ನಾವು ನಂಬಿಕೆಯಿಂದ ಬದುಕುವ ಜನ. ಸಂಶಯಪಡುವ ಅಭ್ಯಾಸವನ್ನು ಮಕ್ಕಳಿಗೆ ಹಚ್ಚಿದರೆ, ಇಂದು ಸಂತೆಯ ಸುದ್ದಿಯನ್ನು ಸಂಶಯಿಸುವ ಹುಡುಗನು ನಾಳೆ ತಂದೆಯ ಮಾತನ್ನೂ ನಾಡಿದ್ದು ದೇವರ ವಾಕ್ಯವನ್ನೂ ಸಂಶಯಿಸುವನು. ಆದಕಾರಣ ದೊಡ್ಡವರು ಹೇಳಿದ್ದನ್ನು ಕೇಳಿಕೊಂಡಿರುವದೇ ಮಕ್ಕಳಿಗೆ ಲೇಸು, ಎಂದು. ಈ ಮಾತಿನಲ್ಲಿ ಮಕ್ಕಳ ಹಿತವನ್ನು ಕುರಿತ ನಿಜವಾದ ಚಿಂತೆ ಇರುವದರಿಂದ ಅದನ್ನು ಹಗುರವಾಗಿ ತಳ್ಳಿಬಿಡದೆ ಉತ್ತರ ಕೊಡತಕ್ಕದ್ದು.

ಪ್ರಶ್ನೆಯು ಈಗ ಯಾಕೆ ಹುಟ್ಟಿತೆಂಬದು ಎಲ್ಲರಿಗೂ ತಿಳಿದದ್ದೇ. ಯಮಕನಮರಡಿಯು ಪುಣೆಯಿಂದ ಬೆಂಗಳೂರಿಗೆ ಹೋಗುವ ದೊಡ್ಡ ರಸ್ತೆಯ ಮೇಲಿನ ಊರು. ಕೊಲ್ಹಾಪುರದ ಕಡೆಯಿಂದ ಮರಾಠಿಯಲ್ಲಿ ಬಂದ ಸುದ್ದಿಯೂ ಬೆಳಗಾವಿಯ ಕಡೆಯಿಂದ ಕನ್ನಡದಲ್ಲಿ ಬಂದ ಸುದ್ದಿಯೂ ಇಲ್ಲಿ ಕೂಡುತ್ತವೆ. ಮೊದಲು ಸುದ್ದಿಯು ಗಾಡಿಯವರ ಸಂಗಡ, ಬಳೆಗಾರರ ಸಂಗಡ, ಸಂತೆಗೆ ಬಂದ ಬೀಗರ ಸಂಗಡ ಬರುತ್ತಿತ್ತು. ಹೇಳಿದವನ ಮುಖ ನಮಗೆ ಗೊತ್ತು, ಅವನ ಗುಣವೂ ಗೊತ್ತು. ಈಗಲಾದರೋ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳ ಯಾವ ಹಳ್ಳಿಗೆ ಹೋದರೂ ಒಬ್ಬೊಬ್ಬರ ಕೈಯಲ್ಲಿಯೂ ಮೊಬೈಲು ಇರುತ್ತದೆ. ಮುಖವಿಲ್ಲದವರ ಮಾತು ಹಗಲಿರುಳೆನ್ನದೆ ಅದರೊಳಗಿಂದ ಬರುತ್ತಿರುತ್ತದೆ. ಓದು ಬಾರದ ಅಜ್ಜಿಗೆ ಮೊಮ್ಮಗಳೇ ಅದನ್ನು ಓದಿ ಹೇಳುತ್ತಾಳೆ. ಹೀಗಿರಲಾಗಿ ಆ ಮೊಮ್ಮಗಳಿಗೆ ನಾವು ಏನು ಕಲಿಸಿದ್ದೇವೆಂಬದರ ಮೇಲೆ ಇಡೀ ಮನೆಯ ತಿಳುವಳಿಕೆಯು ನಿಂತಿದೆ.

ಕನ್ನಡವನ್ನಾಡುವ ನಮಗೆ ಈ ಕೆಲಸಕ್ಕೆ ನಮ್ಮ ಭಾಷೆಯೇ ಒಂದು ಸಾಧನವನ್ನು ಕೊಟ್ಟಿದೆ. ‘ಹೊಳಿ ಬಂತು’ ಎಂದು ಹೇಳುವವನು ತಾನು ಕಣ್ಣಾರೆ ಕಂಡದ್ದನ್ನು ಹೇಳುತ್ತಾನೆ. ‘ಹೊಳಿ ಬಂತಂತ’ ಎಂದು ಹೇಳುವವನು ಪರರಿಂದ ಕೇಳಿದ್ದನ್ನು ಹೇಳುತ್ತಾನೆ. ಪುಸ್ತಕದಲ್ಲಿ ‘ಅಂತೆ’ ಎಂದು ಬರೆಯುವ ಈ ಚಿಕ್ಕ ಮಾತು, ಹೇಳುವವನಿಗೂ ಕೇಳುವವನಿಗೂ ನಡುವೆ ಇಟ್ಟ ಒಂದು ಪ್ರಾಮಾಣಿಕ ಗುರುತಾಗಿರುತ್ತದೆ: ನಾನು ಇದರ ಸಾಕ್ಷಿಯಲ್ಲ, ಇದನ್ನು ಹೊತ್ತು ತಂದವನು ಮಾತ್ರ, ಎಂಬದು ಅದರ ಅರ್ಥ. ಎಷ್ಟೋ ಭಾಷೆಗಳಲ್ಲಿ ಇದನ್ನು ಹೇಳುವದಕ್ಕೆ ಬೇರೊಂದು ವಾಕ್ಯವೇ ಬೇಕಾಗುವದು. ನಮಗೆ ಎರಡು ಅಕ್ಷರ ಸಾಕು. ಆದರೆ ಮಾತು ಮೂರು ಬಾಯಿ ದಾಟುವಷ್ಟರಲ್ಲಿ ಈ ‘ಅಂತೆ’ಯು ಉದುರಿಹೋಗುತ್ತದೆ. ಮೊದಲನೆಯವನು ಬಂದಾರಂತೆ ಅಂದನು; ಎರಡನೆಯವನು ಬಂದಾರೆ ಅಂದನು; ಮೂರನೆಯವನು ನಾನೇ ನೋಡಿದೆ ಅಂದನು. ಅಂತೆ ಕಂತೆಗಳ ಸಂತೆ ಎಂದು ಹಿರಿಯರು ಹಾಸ್ಯ ಮಾಡಿದ್ದಾರೆ. ಆದರೆ ಆ ಸಂತೆಯಲ್ಲಿ ಕೆಲವು ಸಾರಿ ಮನುಷ್ಯನ ಪ್ರಾಣವೂ ಹೋಗುವದುಂಟು.

ನಮ್ಮ ರಾಜ್ಯದಲ್ಲಿಯೇ ನಡೆದ ಒಂದು ಸಂಗತಿಯನ್ನು ಇಲ್ಲಿ ನೆನಪಿಸುವದು ಅವಶ್ಯ. 2018ನೇ ಇಸವಿಯಲ್ಲಿ, ಮಕ್ಕಳನ್ನು ಕದಿಯುವವರು ಊರೂರಿಗೆ ಬಂದಿದ್ದಾರೆಂಬ ಸುದ್ದಿಯು ವಾಟ್ಸಾಪಿನ ಮೂಲಕ ಕರ್ನಾಟಕದಲ್ಲೆಲ್ಲ ಹಬ್ಬಿತು. ಅದರ ಸಂಗಡ ಒಂದು ಚಲಚ್ಚಿತ್ರವೂ ಓಡಾಡಿತು: ಬೈಕಿನ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವರು. ಅದನ್ನು ಕಂಡ ಯಾವ ತಾಯಿಗೆ ಹೊಟ್ಟೆಯಲ್ಲಿ ಸಂಕಟವಾಗಲಿಕ್ಕಿಲ್ಲ? ಆ ಚಿತ್ರವು ನಿಜವಾಗಿ ಪಾಕಿಸ್ತಾನದ ಕರಾಚಿ ಪಟ್ಟಣದಲ್ಲಿ, ಮಕ್ಕಳನ್ನು ಜೋಪಾನವಾಗಿ ನೋಡಿಕೊಳ್ಳಿರೆಂದು ಜನರಿಗೆ ಬುದ್ಧಿ ಹೇಳುವದಕ್ಕಾಗಿ ನಟರಿಂದ ಆಡಿಸಿ ತಯಾರಿಸಿದ್ದು. ಮೂಲದಲ್ಲಿ ಆ ಇಬ್ಬರು ಮಗುವನ್ನು ತಿರುಗಿ ತಂದು ಬಿಡುವರು. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ ಹಾಕಿದ್ದರು. ಆ ವರ್ಷದ ಜುಲೈ 13ನೇ ತಾರೀಖಿನಲ್ಲಿ ಹೈದರಾಬಾದಿನಿಂದ ಬೀದರ ಜಿಲ್ಲೆಯ ಔರಾದ ತಾಲೂಕಿಗೆ ಬಂದ ಕೆಲವು ಗೆಳೆಯರು ದಾರಿಯಲ್ಲಿ ಕಂಡ ಶಾಲೆಯ ಮಕ್ಕಳಿಗೆ ಪ್ರೀತಿಯಿಂದ ಚಾಕಲೇಟು ಕೊಟ್ಟರು. ನೋಡಿದವರು ಇವರೇ ಆ ಮಕ್ಕಳ ಕಳ್ಳರೆಂದು ತಿಳಿದರು. ಅವರ ಚಿತ್ರವು ಕ್ಷಣದಲ್ಲಿ ಮುಂದಿನ ಊರುಗಳಿಗೆ ಹೋಯಿತು. ಮುರ್ಕಿ ಎಂಬ ಹಳ್ಳಿಯಲ್ಲಿ ಜನರು ದಾರಿ ಕಟ್ಟಿದರು, ಕಾರು ಉರುಳಿತು, ಬಿಡಿಸಲಿಕ್ಕೆ ಬಂದ ಪೋಲೀಸರಿಗೂ ಪೆಟ್ಟು ಬಿದ್ದವು, ಒಬ್ಬ ಯೌವನಸ್ಥನು ಸತ್ತನು. ಅವನು ಯಾರ ಮಗುವನ್ನೂ ಕದ್ದವನಲ್ಲ.

ಈ ಕೊಲೆಗೆ ಅಪರಾಧಿಗಳು ಯಾರು? ಕೋಲು ಎತ್ತಿದವರೆಂದು ನ್ಯಾಯಾಲಯವು ಹೇಳಬಹುದು. ಆದರೆ ದೇವರ ಸನ್ನಿಧಿಯಲ್ಲಿ ಈ ಪ್ರಶ್ನೆಯು ಅಷ್ಟಕ್ಕೆ ಮುಗಿಯುವದಿಲ್ಲ. ಕೋಲು ಎತ್ತಿದವರಲ್ಲಿ ಹೆಚ್ಚಿನವರು ತಮ್ಮ ಮಕ್ಕಳ ಮೇಲಿನ ಪ್ರೀತಿಯಿಂದಲೇ ಎತ್ತಿದರು. ಅವರಿಗೆ ಆ ಸುದ್ದಿಯನ್ನು ಕಳುಹಿಸಿದವರೂ ನೆರೆಯವರನ್ನು ಎಚ್ಚರಿಸಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ ಕಳುಹಿಸಿರಬೇಕು. ಒಳ್ಳೆಯ ಮನಸ್ಸು ಸಾಲದೆಂಬದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ಬೇಕಾಗಿಲ್ಲ. ನೆರೆಯವನ ಮೇಲೆ ಸುಳ್ಳು ಸಾಕ್ಷಿ ಹೇಳಬಾರದೆಂಬ ಒಂಭತ್ತನೆಯ ಆಜ್ಞೆಯನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆದರೆ ಸಾಕ್ಷಿಯೆಂದರೆ ನ್ಯಾಯಾಲಯದ ಕಟಕಟೆಯಲ್ಲಿ ನಿಂತವನು ಮಾತ್ರವೆಂದು ನಾವು ತಿಳಿದಿದ್ದೇವೆ. ವಿಚಾರಿಸದೆ ಮುಂದಕ್ಕೆ ಹೇಳುವವನೂ ತನ್ನ ಹೆಸರನ್ನು ಆ ಮಾತಿಗೆ ಜಾಮೀನಾಗಿ ಕೊಡುತ್ತಾನೆ. ಆದಕಾರಣ ಮಾತನ್ನು ಪರೀಕ್ಷಿಸುವದು ಬುದ್ಧಿವಂತಿಕೆಯ ಪ್ರಶ್ನೆ ಮಾತ್ರವಲ್ಲ, ನೆರೆಯವನನ್ನು ಪ್ರೀತಿಸುವ ಪ್ರಶ್ನೆಯಾಗಿರುತ್ತದೆ. ಇದೇ ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವ ಮುಖ್ಯ ಸಂಗತಿ.

ಇನ್ನು ಹಿರಿಯರ ಆಕ್ಷೇಪಣೆಗೆ ಬರೋಣ. ವಿಚಾರಿಸುವದು ಅವಿಶ್ವಾಸವೋ? ಸತ್ಯವೇದವು ಹಾಗೆ ಹೇಳುವದಿಲ್ಲ. ಅಪೊಸ್ತಲನಾದ ಪೌಲನು ಬೆರೋಯಕ್ಕೆ ಹೋಗಿ ಸುವಾರ್ತೆಯನ್ನು ಸಾರಿದಾಗ ಅಲ್ಲಿಯವರು ಸಿದ್ಧಮನಸ್ಸಿನಿಂದ ಕೇಳಿದರು. ಕೇಳಿ ಸುಮ್ಮನಾಗದೆ, ಅವನು ಹೇಳಿದ್ದು ಹೌದೋ ಅಲ್ಲವೋ ಎಂದು ದಿನಾಲು ಶಾಸ್ತ್ರಗಳನ್ನು ತೆಗೆದು ನೋಡಿದರು. ಇದಕ್ಕಾಗಿ ಅವರನ್ನು ಗದರಿಸಿದ್ದನ್ನು ನಾವು ಅಪೊಸ್ತಲರ ಕೃತ್ಯಗಳ ಪುಸ್ತಕದಲ್ಲಿ ಕಾಣುವದಿಲ್ಲ. ಅವರು ಸದ್ಗುಣವುಳ್ಳವರೆಂಬ ಹೊಗಳಿಕೆಯನ್ನೇ ಕಾಣುತ್ತೇವೆ. ಅಪೊಸ್ತಲನ ಮಾತನ್ನೇ ಪರೀಕ್ಷಿಸುವದು ತಪ್ಪಲ್ಲವಾದರೆ, ಮೊಬೈಲಿನ ಮಾತನ್ನು ಪರೀಕ್ಷಿಸುವದು ತಪ್ಪಾದೀತೇ? ಲೂಕನು ತನ್ನ ಸುವಾರ್ತೆಯ ಆರಂಭದಲ್ಲಿ, ಮೊದಲಿನಿಂದ ಕಣ್ಣಾರೆ ಕಂಡವರು ಒಪ್ಪಿಸಿದ್ದನ್ನು ತಾನು ಬುಡದಿಂದ ವಿಚಾರಿಸಿ ಕ್ರಮವಾಗಿ ಬರೆಯುತ್ತೇನೆಂದು ಥೆಯೊಫಿಲನಿಗೆ ತಿಳಿಸುತ್ತಾನೆ. ನಮ್ಮ ಕೈಗೆ ಸುವಾರ್ತೆಯನ್ನು ಕೊಟ್ಟವನೇ ವಿಚಾರಿಸಿದವನು. ನಮ್ಮ ಕನ್ನಡ ಸತ್ಯವೇದವೂ ಹೀಗೆಯೇ. 1831ರಲ್ಲಿ ಹ್ಯಾಂಡ್ಸ್ ಮೊದಲಾದ ಬಳ್ಳಾರಿಯ ಮಿಷನರಿಗಳ ಪ್ರಯಾಸದಿಂದ ಇಡೀ ಗ್ರಂಥವು ಕನ್ನಡದಲ್ಲಿ ಅಚ್ಚಾದ ತರುವಾಯವೂ, ಇಷ್ಟು ಸಾಕೆಂದು ಕೈ ಕಟ್ಟಿ ಕುಳಿತುಕೊಳ್ಳದೆ, ಇಬ್ರಿಯ ಮತ್ತು ಗ್ರೀಕ್ ಮೂಲಗಳೊಂದಿಗೆ ಸರಿನೋಡಿ ಪುನಃ ಪುನಃ ತಿದ್ದಿದರು. ಮೂಲಕ್ಕೆ ಹೋಗಿ ನೋಡುವದು ಭಕ್ತಿಗೆ ವಿರೋಧವಾಗಿದ್ದರೆ ಈ ಪುಸ್ತಕವು ಇಂದಿನ ರೂಪದಲ್ಲಿ ನಮಗೆ ದೊರೆಯುತ್ತಿರಲಿಲ್ಲ.

ಪರೀಕ್ಷಿಸದೆ ನಂಬುವದರಿಂದ ಬಂದ ಕೇಡನ್ನೂ ಸತ್ಯವೇದವು ಮುಚ್ಚಿಡುವದಿಲ್ಲ. ಅರಸುಗಳ ಮೊದಲನೆಯ ಪುಸ್ತಕದ ಹದಿಮೂರನೆಯ ಅಧ್ಯಾಯವನ್ನು ತೆಗೆದು ನೋಡಿರಿ. ಯೆಹೂದದಿಂದ ಬೇತೇಲಿಗೆ ಬಂದ ಒಬ್ಬ ದೇವರ ಮನುಷ್ಯನಿಗೆ, ಅಲ್ಲಿ ಅನ್ನ ತಿನ್ನಬಾರದು, ನೀರು ಕುಡಿಯಬಾರದು, ಎಂಬ ಅಪ್ಪಣೆಯಾಗಿತ್ತು. ಅರಸನು ಕರೆದಾಗ ಅವನು ಒಪ್ಪಲಿಲ್ಲ. ಆದರೆ ಒಬ್ಬ ಮುದುಕನಾದ ಪ್ರವಾದಿಯು ಬಂದು, ನಾನೂ ನಿನ್ನ ಹಾಗೆ ಪ್ರವಾದಿಯು, ನಿನ್ನನ್ನು ಕರಕೊಂಡು ಬಾ ಎಂದು ದೇವದೂತನು ನನಗೆ ಹೇಳಿದನು, ಎಂಬದಾಗಿ ಸುಳ್ಳಾಡಿದಾಗ ಅವನು ನಂಬಿ ಹೋದನು. ಮತ್ತು ತಿರುಗಿ ಹೋಗುವ ದಾರಿಯಲ್ಲಿ ಸಿಂಹದಿಂದ ಸತ್ತನು. ಅರಸನ ಆಸೆಗೆ ಬೀಳದವನು ಮುದುಕನ ನರೆಗೂದಲಿಗೂ ಪ್ರವಾದಿಯೆಂಬ ಹೆಸರಿಗೂ ಬಿದ್ದನು. ಅಧಿಕಾರವುಳ್ಳವನ ಮಾತಿಗೂ ಅಧಿಕಾರದ ವೇಷ ಹಾಕಿದವನ ಮಾತಿಗೂ ಭೇದವನ್ನು ಅವನು ವಿಚಾರಿಸಲಿಲ್ಲ.

ಆ ಭೇದವನ್ನು ತಿಳಿಯುವದು ಹೇಗೆ? ನಮ್ಮ ದೇಶದ ತರ್ಕಶಾಸ್ತ್ರಜ್ಞರು ಇದನ್ನು ಪೂರ್ವಕಾಲದಲ್ಲಿಯೇ ಆಲೋಚಿಸಿದ್ದಾರೆ. ನ್ಯಾಯಸೂತ್ರಗಳಲ್ಲಿ ಆಪ್ತನ ಮಾತಿಗೆ ಪ್ರಮಾಣವೆಂಬ ಸ್ಥಾನವಿದೆ. ಆಪ್ತನೆಂದರೆ ಯಾರು ಎಂಬದಕ್ಕೆ ಭಾಷ್ಯಕಾರನಾದ ವಾತ್ಸ್ಯಾಯನನು, ಸಂಗತಿಯನ್ನು ನೇರಾಗಿ ಅರಿತವನೂ, ಅರಿತದ್ದನ್ನು ಅರಿತಂತೆ ತಿಳಿಸಬೇಕೆಂಬ ಮನಸ್ಸುಳ್ಳವನೂ ಆಪ್ತನೆಂದು ಹೇಳಿ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ತೋರಿಸುತ್ತಾನೆ. ಇದು ಬಹಳ ನ್ಯಾಯವಾದ ಮಾತು. ಜಾತಿಯಿಂದಾಗಲಿ ಪದವಿಯಿಂದಾಗಲಿ ದೊಡ್ಡ ದನಿಯಿಂದಾಗಲಿ ಒಬ್ಬನ ಮಾತು ಪ್ರಮಾಣವಾಗುವದಿಲ್ಲ. ಅವನಿಗೆ ಗೊತ್ತುಂಟೋ, ಗೊತ್ತಿದ್ದದ್ದನ್ನು ನೆಟ್ಟಗೆ ಹೇಳುತ್ತಾನೋ, ಎಂಬೆರಡರಿಂದಲೇ ಆಗುವದು. ಇದನ್ನೇ ಮಕ್ಕಳಿಗೆ ತಿಳಿಯುವ ಹಾಗೆ ಐದು ಪ್ರಶ್ನೆಗಳಾಗಿ ಒಡೆದು ಕಲಿಸಬಹುದು.

ಮೊದಲನೆಯದು: ಇದನ್ನು ಕಂಡವರು ಯಾರು? ‘ಎಲ್ಲರೂ ಹೇಳುತ್ತಾರೆ’ ಎಂಬದು ಉತ್ತರವಲ್ಲ. ಕಂಡವನ ಹೆಸರು ಸಿಕ್ಕುವ ವರೆಗೆ ಮಗುವು ಆ ಮಾತಿನ ಕೊನೆಗೆ ‘ಅಂತೆ’ಯನ್ನು ಬಿಡದೆ ಇಟ್ಟುಕೊಳ್ಳಲಿ.

ಎರಡನೆಯದು: ಹೇಳುವವನು ಅದನ್ನು ತಿಳಿಯಬಹುದಾದ ಸ್ಥಾನದಲ್ಲಿದ್ದಾನೋ? ನಮ್ಮ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯದಲ್ಲಿ ಸುಮಾರು 51 ಟಿ.ಎಂ.ಸಿ. ನೀರು ನಿಲ್ಲುತ್ತದೆ. ಮಳೆಗಾಲದಲ್ಲಿ ಎಷ್ಟು ನೀರು ಒಳಗೆ ಬಂತು, ಎಷ್ಟು ಹೊರಗೆ ಬಿಟ್ಟರು, ಎಂಬದನ್ನು ಅಳತೆಯ ಪಟ್ಟಿಯ ಮುಂದೆ ನಿಂತ ನೀರಾವರಿ ಇಲಾಖೆಯವನು ಬಲ್ಲನು. ಚಹಾದ ಅಂಗಡಿಯಲ್ಲಿ ಕುಳಿತವನು, ಎಷ್ಟು ಒಳ್ಳೆಯವನಾದರೂ, ಬಲ್ಲವನಲ್ಲ. ಆದರೆ ಬಾಣಂತಿಯ ಔಷಧದ ವಿಷಯದಲ್ಲಿ ಆ ಇಲಾಖೆಯವನನ್ನು ಕೇಳಬೇಕಾಗಿಲ್ಲ. ಅದಕ್ಕೆ ವೈದ್ಯರಿದ್ದಾರೆ, ಆರೋಗ್ಯ ಕೇಂದ್ರದ ದಾದಿಯರಿದ್ದಾರೆ. ಒಂದರಲ್ಲಿ ಬಲ್ಲವನು ಎಲ್ಲದರಲ್ಲಿಯೂ ಬಲ್ಲವನೆಂದು ತಿಳಿಯುವದು ಹಳ್ಳಿಯಲ್ಲಿಯೂ ಪಟ್ಟಣದಲ್ಲಿಯೂ ಸಾಮಾನ್ಯವಾದ ತಪ್ಪು.

ಮೂರನೆಯದು: ಇದನ್ನು ನಂಬಿಸುವದರಿಂದ ಯಾರಿಗೆ ಲಾಭ? ಈ ಪ್ರಶ್ನೆಗೆ ನಮ್ಮ ಕನ್ನಡ ಜಿಲ್ಲೆಗಳ ಚರಿತ್ರೆಯಲ್ಲಿಯೇ ಸೊಗಸಾದ ದೃಷ್ಟಾಂತವಿದೆ. ಮುಂಬಯಿ ಸರಕಾರದ ಕಾಲದಲ್ಲಿ ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಅಧಿಕಾರಿಯು ಈ ಸೀಮೆಯಲ್ಲಿ ಶಾಲೆಗಳ ಮೇಲ್ವಿಚಾರಕನಾಗಿ ಸಂಚರಿಸುತ್ತ ಕನ್ನಡವನ್ನು ಚೆನ್ನಾಗಿ ಕಲಿತು, ಊರೂರಿನ ಕಲ್ಲುಗಳನ್ನೂ ತಾಮ್ರಪಟಗಳನ್ನೂ ಓದಿ ಪ್ರಕಟಿಸಿದನು. ತಾಮ್ರಪಟವೆಂದರೆ ಅರಸನ ಮುದ್ರೆಯುಳ್ಳದ್ದು. ಅದಕ್ಕಿಂತ ದೊಡ್ಡ ಪ್ರಮಾಣವೇನೆಂದು ಜನರ ಎಣಿಕೆ. ಆದರೆ ಫ್ಲೀಟನು ಅಕ್ಷರಗಳ ಆಕಾರವನ್ನು ನೋಡಿದನು, ಬರೆದ ತಿಥಿಗೂ ವಾರಕ್ಕೂ ಹೊಂದಿಕೆಯಾಗುವದೋ ಎಂದು ಲೆಕ್ಕ ಹಾಕಿದನು, ಹೆಸರಿಸಿದ ಅರಸರು ಆ ಕಾಲದಲ್ಲಿ ಇದ್ದರೋ ಎಂದು ಬೇರೆ ಶಾಸನಗಳಿಂದ ಕಂಡುಕೊಂಡನು. ಹೀಗೆ ನೋಡಲಾಗಿ ಎಷ್ಟೋ ಪಟಗಳು ತಾವು ಹೇಳಿಕೊಳ್ಳುವ ಕಾಲಕ್ಕಿಂತ ಬಹಳ ಈಚೆಗೆ ಹುಟ್ಟಿದ ಕೃತಕಗಳೆಂದು ಕಾಣಬಂತು. ಅಂಥವುಗಳ ಪಟ್ಟಿಯನ್ನು ಅವನು 1901ರಲ್ಲಿ ಅಚ್ಚು ಹಾಕಿಸಿದನು. ತಾಮ್ರಪಟದಿಂದ ಭೂಮಿಯ ಹಕ್ಕು ಸಿದ್ಧವಾಗುತ್ತಿದ್ದದರಿಂದ ಅಂಥ ಪಟವನ್ನು ಸೃಷ್ಟಿಸುವವರಿಗೆ ಲಾಭವಿತ್ತು. ಮೈಸೂರಿನ ರೈಸ್ ಎಂಬ ಪಂಡಿತನು ಫ್ಲೀಟನ ತೀರ್ಪುಗಳಲ್ಲಿ ಕೆಲವನ್ನು ಒಪ್ಪದೆ ಬಹು ವರ್ಷ ವಾದಿಸಿದನು. ಅದೂ ಯೋಗ್ಯವೇ, ಯಾಕಂದರೆ ಪರೀಕ್ಷಿಸುವವನೂ ಪರೀಕ್ಷೆಗೆ ಒಳಗಾಗತಕ್ಕವನು. ಇಂದು ಸುದ್ದಿಯನ್ನು ಸೃಷ್ಟಿಸುವವರಿಗೆ ಲಾಭವು ಭೂಮಿಯಲ್ಲದಿರಬಹುದು; ಓಟು, ಹಣ, ಹೆಸರು, ಹಗೆ ತೀರಿಸಿಕೊಳ್ಳುವದು, ಇವುಗಳಲ್ಲಿ ಒಂದಾಗಿರಬಹುದು.

ನಾಲ್ಕನೆಯದು: ಬೇರೆ ಸಾಕ್ಷಿಗಳುಂಟೋ, ಮತ್ತು ಅವರು ನಿಜವಾಗಿ ಬೇರೆಯವರೋ? ಎರಡು ಮೂರು ಸಾಕ್ಷಿಗಳ ಬಾಯಿಂದ ಮಾತು ಸ್ಥಿರವಾಗಬೇಕೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸುತ್ತದೆ. ಆದರೆ ಈಜೆಬೆಲಳು ಈ ವಿಧಿಯನ್ನೇ ಉಪಯೋಗಿಸಿ ನಾಬೋತನನ್ನು ಕೊಲ್ಲಿಸಿದಳು. ಅರಸನ ಹೆಸರಿನಲ್ಲಿ ಕಾಗದ ಬರೆದು, ಅರಸನ ಮುದ್ರೆ ಒತ್ತಿ, ಇಬ್ಬರು ದುಷ್ಟರನ್ನು ಸಾಕ್ಷಿಗೆ ನಿಲ್ಲಿಸಿದಳು. ಸಾಕ್ಷಿಗಳು ಇಬ್ಬರು, ಮಾತು ಹುಟ್ಟಿದ ಬಾಯಿ ಒಂದೇ. ಒಂದೇ ಸಂದೇಶವು ಇಪ್ಪತ್ತು ಜನರಿಂದ ಬಂದಾಗ ಇಪ್ಪತ್ತು ಸಾಕ್ಷಿಗಳು ಸಿಕ್ಕರೆಂದು ಹುಡುಗರು ತಿಳಿಯಬಾರದು. ಇಪ್ಪತ್ತು ಕೊಡಗಳಲ್ಲಿದ್ದರೂ ಅದು ಒಂದೇ ಬಾವಿಯ ನೀರು.

ಐದನೆಯದು: ಕಾಣುವದು ಪೂರ್ಣವೋ, ಅದು ತನ್ನ ಸ್ಥಳದಲ್ಲಿದೆಯೋ? ಗಿಬ್ಯೋನಿನವರು ಹಳೆಯ ಬುದ್ದಲಿಗಳನ್ನೂ ಹರಿದ ಕೆರಗಳನ್ನೂ ಬೂಸರು ಹಿಡಿದ ರೊಟ್ಟಿಯನ್ನೂ ತೋರಿಸಿ, ತಾವು ದೂರದೇಶದಿಂದ ಬಂದೆವೆಂದು ಯೆಹೋಶುವನನ್ನು ನಂಬಿಸಿದರು. ರೊಟ್ಟಿಗೆ ಬೂಸರು ಹಿಡಿದದ್ದು ಸುಳ್ಳಲ್ಲ. ಅದರ ಸಂಗಡ ಹೇಳಿದ ಕಥೆ ಸುಳ್ಳು. ಕರಾಚಿಯ ಚಿತ್ರವೂ ಅದೇ ಪ್ರಕಾರ. ನಮ್ಮ ಗೋಕಾಕದ ಕುಶಲಿಗಳು ಕಟ್ಟಿಗೆಯಿಂದ ಮಾಡಿ ಬಣ್ಣ ಹಚ್ಚಿದ ಮಾವು, ಬಾಳೆ, ಬದನೆಗಳನ್ನು ಬುಟ್ಟಿಯಲ್ಲಿಟ್ಟರೆ ದೊಡ್ಡವರ ಕಣ್ಣೂ ಮೋಸ ಹೋಗುವದು. ಮಗುವು ಅದನ್ನು ಕೈಯಲ್ಲಿ ಹಿಡಿದು ತೂಕ ನೋಡಿ, ಮೂಸಿ ನೋಡಿ, ಇದು ಹಣ್ಣಲ್ಲವೆಂದು ತಿಳಿಯುತ್ತದೆ. ಆ ಕುಶಲಿಗಳಾದರೂ ಆಟಿಕೆಯೆಂದು ಹೇಳಿಯೇ ಮಾರುತ್ತಾರೆ. ಈಗ ಯಂತ್ರಗಳಿಂದ ಮನುಷ್ಯನ ಮುಖವನ್ನೂ ದನಿಯನ್ನೂ ಇದ್ದ ಹಾಗೆ ಸೃಷ್ಟಿಸಿ, ಆಟಿಕೆಯೆಂದು ಹೇಳದೆ ಕಳುಹಿಸುವವರಿದ್ದಾರೆ. ಆದಕಾರಣ ಕಣ್ಣಿಗೆ ಕಂಡಿತೆಂಬದೊಂದೇ ಇನ್ನು ಸಾಲದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯು ನಮ್ಮ ಕಾಲಕ್ಕಾಗಿಯೇ ಹುಟ್ಟಿದಂತಿದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಕದ ಅಪಾಯವನ್ನೂ ಹೇಳದಿದ್ದರೆ ನಮ್ಮ ಮಾತು ಅರ್ಧವಾಗುವದು. ಎಲ್ಲವನ್ನೂ ನಂಬುವವನು ಮೂಢನಾದರೆ, ಏನನ್ನೂ ನಂಬದವನು ಅವನಿಗಿಂತ ಜಾಣನೇನಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆಯು ದಂಡೆ ಮೀರಿ ಗೋಕಾಕದ ಓಣಿಗಳಿಗೆ ನುಗ್ಗಿದ್ದನ್ನು ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಕಂಡಿದ್ದಾರೆ. ಮೂಡಲಗಿಯ ಕಡೆಯ ಹೊಳೆದಂಡೆಯ ಹಳ್ಳಿಗಳವರೂ ಮನೆ ಬಿಡಬೇಕಾಯಿತು. ಹಿಡಕಲ್ಲಿನಿಂದ ಹೆಚ್ಚು ನೀರು ಬಿಡುವರೆಂಬ ಎಚ್ಚರಿಕೆಯು ತಕ್ಕವರಿಂದ ಬಂದಾಗ, ಇದೂ ಒಂದು ಗಾಳಿಸುದ್ದಿಯೆಂದು ಮಲಗುವವನ ಗತಿ ಏನಾದೀತು? ನೋಹನ ಕಾಲದವರು ಸುಳ್ಳು ಸುದ್ದಿಯನ್ನು ನಂಬಿ ನಾಶವಾದವರಲ್ಲ. ನಿಜವಾದ ಸುದ್ದಿಯನ್ನು ನಂಬದೆ ನಾಶವಾದವರು. ಸುಳ್ಳು ಸುದ್ದಿಯನ್ನು ಹಬ್ಬಿಸುವವರು ಮಾಡುವ ದೊಡ್ಡ ಕೇಡು ಇದೇ: ಅವರ ದೆಸೆಯಿಂದ ಬೇಸತ್ತ ಜನರು ಕೊನೆಗೆ ಸತ್ಯವನ್ನೂ ಕಿವಿಯ ಮೇಲೆ ಹಾಕಿಕೊಳ್ಳದೆ ಹೋಗುತ್ತಾರೆ. ಪೌಲನು ಥೆಸಲೋನಿಕದ ಸಭೆಗೆ ಬರೆಯುವಾಗ ಪರೀಕ್ಷಿಸಬೇಕೆಂದು ಮಾತ್ರ ಹೇಳಲಿಲ್ಲ. ಒಳ್ಳೆಯದೆಂದು ಕಂಡದ್ದನ್ನು ಬಿಗಿಯಾಗಿ ಹಿಡಿಯಬೇಕೆಂದೂ ಹೇಳಿದನು. ನಾವು ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ, ನಡೆಸಿ ನೋಡಿ, ಮಾರುವವನ ಊರು ಕೇಳುವದು ಎತ್ತು ಬೇಡವೆಂದಲ್ಲ, ಒಳ್ಳೆಯ ಎತ್ತನ್ನು ಹಿಡಿದು ಮನೆಗೆ ತರಬೇಕೆಂದೇ.

ಇಂಥದ್ದನ್ನು ಮಕ್ಕಳಿಗೆ ಕಲಿಸಬಹುದೋ, ಕಲಿಸಿದರೆ ನಿಲ್ಲುವದೋ, ಎಂದು ಕೇಳುವವರಿಗೆ ಬೇರೆ ಸೀಮೆಗಳ ಅನುಭವವನ್ನು ತಿಳಿಸುತ್ತೇವೆ. ಕನ್ನಡಿಗರು ವಾಸಿಸುವ ಕಾಸರಗೋಡಿಗೆ ಹೊಂದಿಕೊಂಡಿರುವ ಕಣ್ಣೂರು ಜಿಲ್ಲೆಯಲ್ಲಿ 2018ರಲ್ಲಿ ‘ಸತ್ಯಮೇವ ಜಯತೆ’ ಎಂಬ ಹೆಸರಿನಿಂದ ಸುಮಾರು 150 ಸರಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿಯನ್ನು ಗುರುತಿಸುವ ಪಾಠಗಳನ್ನು ಆರಂಭಿಸಿದರು. ಅದಕ್ಕಿಂತ ವಿಸ್ತಾರವಾದ ಪರೀಕ್ಷೆಯು ಬಿಹಾರ ರಾಜ್ಯದಲ್ಲಿ ನಡೆಯಿತು. ಅಲ್ಲಿಯ 583 ಹಳ್ಳಿಗಳಲ್ಲಿ ಸುಮಾರು 13,500 ವಿದ್ಯಾರ್ಥಿಗಳನ್ನು ತೆಗೆದುಕೊಂಡು, ಕೆಲವು ಹಳ್ಳಿಗಳವರಿಗೆ ಸುದ್ದಿಯ ಮೂಲವನ್ನು ವಿಚಾರಿಸುವ ಪಾಠಗಳನ್ನು ಹೇಳಿ, ಉಳಿದವರಿಗೆ ಬೇರೆ ಪಾಠವನ್ನು ಹೇಳಿ, ಹೋಲಿಸಿ ನೋಡಿದರು. 2025ರಲ್ಲಿ ಪ್ರಕಟವಾದ ಅದರ ಫಲವೇನಂದರೆ, ಆ ಪಾಠ ಕೇಳಿದ ಮಕ್ಕಳು ನಿಜವನ್ನೂ ಸುಳ್ಳನ್ನೂ ಬೇರ್ಪಡಿಸುವದರಲ್ಲಿ ಉಳಿದವರಿಗಿಂತ ಮೇಲಾದರು. ನಾಲ್ಕು ತಿಂಗಳ ತರುವಾಯವೂ ಆ ಶಕ್ತಿಯು ಉಳಿದಿತ್ತು. ಅದಲ್ಲದೆ ಪಾಠವನ್ನು ಕೇಳದ ತಂದೆತಾಯಿಗಳಲ್ಲಿಯೂ ಅದು ಕಾಣಿಸಿಕೊಂಡಿತು. ಮಗುವಿಗೆ ಕಲಿಸಿದರೆ ಮಗುವು ಮನೆತನವನ್ನು ಕೆಡಿಸುವದೆಂದು ಹೆದರುವವರು ಇದನ್ನು ಆಲೋಚಿಸಲಿ.

ಆದರೂ ಹಿರಿಯರ ಭಯದಲ್ಲಿ ಒಂದಂಶ ಉಳಿಯುತ್ತದೆ. ಮಗುವು ‘ಅಪ್ಪಾ, ಇದು ನಿಮಗೆ ಹೇಗೆ ಗೊತ್ತು?’ ಎಂದು ಕೇಳಿದಾಗ ತಂದೆಗೆ ಅವಮಾನವಾದಂತೆ ತೋರುವದು ಸಹಜ. ಕೇಳುವ ರೀತಿಯನ್ನು ಮಗುವಿಗೆ ಕಲಿಸತಕ್ಕದ್ದೇ, ಪ್ರಶ್ನೆಯು ಉದ್ಧಟತನವಾಗಬಾರದು. ಆದರೆ ಉತ್ತರ ಕೊಡುವ ರೀತಿಯನ್ನು ಕಲಿಯತಕ್ಕವರು ನಾವು. ‘ನಾ ಕಂಡಿಲ್ಲಪ್ಪ, ಮಂದಿ ಹೇಳಿದ್ದು ಕೇಳೇನಿ’ ಎಂದು ತಂದೆಯು ಹೇಳಿದರೆ ಅವನ ಮಾನವು ಕಡಿಮೆಯಾಗುವದಿಲ್ಲ. ‘ಅಂತೆ’ಯನ್ನು ಪ್ರಾಮಾಣಿಕವಾಗಿ ಹೇಳುವ ತಂದೆಯು ‘ನಾನು ಕಂಡಿದ್ದೇನೆ’ ಎಂದು ಹೇಳುವ ದಿನ ಮಗುವು ಅವನನ್ನು ಸಂಪೂರ್ಣವಾಗಿ ನಂಬುವದು. ನಂಬಿಕೆಯು ಹೀಗೆ ಬೆಳೆಯುತ್ತದೆ. ಪ್ರಶ್ನೆಯನ್ನು ಮುಚ್ಚಿಸುವದರಿಂದ ಬೆಳೆಯುವದಿಲ್ಲ. ಬೋಧಕರೂ ಉಪದೇಶಿಗಳೂ ಇದಕ್ಕೆ ಹೊರತಲ್ಲ. ಇಂಥ ಕೂಟದಲ್ಲಿ ಇಷ್ಟು ಜನ ರೋಗಿಗಳು ಗುಣವಾದರೆಂದು ಸಾರುವವನನ್ನು, ಯಾವ ಊರಿನವರು, ಅವರನ್ನು ನಾವು ನೋಡಬಹುದೋ, ಎಂದು ಮರ್ಯಾದೆಯಿಂದ ಕೇಳುವದು ಪವಿತ್ರಾತ್ಮನನ್ನು ದುಃಖಪಡಿಸುವದಲ್ಲ. ಈ ಪತ್ರಿಕೆಯಲ್ಲಿ ನಾವು ಬರೆದದ್ದನ್ನೂ ಹಾಗೆಯೇ ವಿಚಾರಿಸಿರಿ.

ಈ ವಿಷಯದಲ್ಲಿ ಕ್ರೈಸ್ತರಾದ ನಮಗೆ ಮತ್ತೊಂದು ವಿಶೇಷವಾದ ಹೊಣೆಯಿದೆ. ಯಾಕಂದರೆ ಗಾಳಿಮಾತಿನ ನೋವು ಎಂಥದ್ದೆಂಬದನ್ನು ನಾವು ಬಲ್ಲೆವು. 2021ರಲ್ಲಿ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲೂಕಿನಲ್ಲಿ ಸಾವಿರಾರು ಜನರನ್ನು ಬಲವಂತದಿಂದ ಕ್ರೈಸ್ತರನ್ನಾಗಿ ಮಾಡಿದ್ದಾರೆಂಬ ಮಾತು ವಿಧಾನಸಭೆಯಲ್ಲಿಯೇ ಕೇಳಬಂತು. ತಾಲೂಕಿನ ತಹಶೀಲ್ದಾರರು ಪ್ರಾರ್ಥನೆಗೆ ಹೋಗುವ ಮನೆತನಗಳನ್ನು ವಿಚಾರಿಸಿದಾಗ ಬಲವಂತವು ಕಂಡುಬರಲಿಲ್ಲವೆಂದು ವರದಿಯಾಯಿತು. ಹೇಳಿದವರನ್ನು ಬಿಟ್ಟು, ಯಾರ ವಿಷಯವಾಗಿ ಹೇಳಿದರೋ ಅವರ ಬಾಗಿಲಿಗೇ ಹೋಗಿ ಕೇಳುವದು ಎಷ್ಟು ಸರಳವಾದ ಕೆಲಸ! ಆದರೆ ಎಷ್ಟು ಜನ ಅದನ್ನು ಮಾಡುತ್ತಾರೆ? ನಮ್ಮ ಬಾಗಿಲಿಗೆ ಬಂದು ಕೇಳಲಿ ಎಂದು ನಾವು ಇತರರಿಂದ ಅಪೇಕ್ಷಿಸುವವರಾದರೆ, ಮುಸಲ್ಮಾನರ ವಿಷಯವಾಗಿ, ಬೇರೆ ಜಾತಿಯವರ ವಿಷಯವಾಗಿ, ಕೊಟ್ಟ ಹೆಣ್ಣುಮಗಳ ಅತ್ತೆಯ ಮನೆಯವರ ವಿಷಯವಾಗಿ, ಬೇರೊಂದು ಸಭೆಯ ಬೋಧಕರ ವಿಷಯವಾಗಿ ಮಾತು ಬಂದಾಗ ನಾವೂ ಅವರ ಬಾಗಿಲಿಗೆ ಹೋಗಿ ಕೇಳತಕ್ಕವರು. ಇತರರು ನಮಗೆ ಏನು ಮಾಡಬೇಕೆಂದು ನಾವು ಅಪೇಕ್ಷಿಸುತ್ತೇವೋ ಅದನ್ನು ಅವರಿಗೆ ಮಾಡಬೇಕೆಂಬ ಕರ್ತನ ನಿಯಮವು ಕಿವಿಗೂ ನಾಲಿಗೆಗೂ ಸಲ್ಲುತ್ತದೆ.

ಆದಕಾರಣ ರವಿವಾರ ಶಾಲೆಯ ಶಿಕ್ಷಕರಿಗೂ ತಾಯಂದಿರಿಗೂ ನಮ್ಮ ವಿಜ್ಞಾಪನೆ ಏನಂದರೆ: ವಾರಕ್ಕೆ ಒಂದು ಸಾರಿ, ಆ ವಾರ ಮನೆಗೆ ಬಂದ ಒಂದು ಸುದ್ದಿಯನ್ನು ಮಕ್ಕಳ ಮುಂದೆ ಇಟ್ಟು, ಮೇಲೆ ಹೇಳಿದ ಐದು ಪ್ರಶ್ನೆಗಳನ್ನು ಅವರ ಬಾಯಿಂದಲೇ ಕೇಳಿಸಿರಿ. ಉತ್ತರ ಸಿಕ್ಕದಿದ್ದರೆ, ಸಿಕ್ಕಲಿಲ್ಲವೆಂದು ಒಪ್ಪಿಕೊಂಡು, ಆ ಸುದ್ದಿಯನ್ನು ಅಲ್ಲಿಯೇ ನಿಲ್ಲಿಸಿರಿ. ಹತ್ತು ಜನಕ್ಕೆ ಕಳುಹಿಸಿದರೆ ಆಶೀರ್ವಾದ, ಕಳುಹಿಸದಿದ್ದರೆ ಕೇಡು, ಎಂದು ದೇವರ ಹೆಸರಿನಲ್ಲಿ ಬರುವ ಸಂದೇಶಗಳನ್ನು ಮೊದಲು ನಿಲ್ಲಿಸಿರಿ. ನಮ್ಮ ದೇವರು ಅಂಥ ವ್ಯಾಪಾರವನ್ನು ಮಾಡುವವನಲ್ಲ. ಸುದ್ದಿಯಲ್ಲಿ ಒಬ್ಬ ಮನುಷ್ಯನ ಹೆಸರಾಗಲಿ ಮುಖವಾಗಲಿ ಇದ್ದರೆ, ಇವನು ನನ್ನ ಅಣ್ಣನಾಗಿದ್ದರೆ ನಾನು ಇದನ್ನು ಇಷ್ಟು ಬೇಗ ಕಳುಹಿಸುತ್ತಿದ್ದೆನೋ, ಎಂಬ ಆರನೆಯ ಪ್ರಶ್ನೆಯನ್ನೂ ಮಕ್ಕಳಿಗೆ ಕಲಿಸಿರಿ. ಮುರ್ಕಿಯ ದಾರಿಯಲ್ಲಿ ಒಬ್ಬನಾದರೂ ಈ ಪ್ರಶ್ನೆಯನ್ನು ಕೇಳಿ, ಸ್ವಲ್ಪ ಹೊತ್ತು ತಾಳಿರಿ, ವಿಚಾರಿಸೋಣ, ಎಂದು ಎಲ್ಲರನ್ನೂ ನಿಲ್ಲಿಸಿದ್ದರೆ ಒಂದು ಪ್ರಾಣವು ಉಳಿಯುತ್ತಿತ್ತು.

ಸತ್ಯಕ್ಕೆ ಸಾಕ್ಷಿ ಕೊಡುವದಕ್ಕಾಗಿಯೇ ಲೋಕಕ್ಕೆ ಬಂದೆನೆಂದು ಹೇಳಿದ ಕರ್ತನು, ತಾನೇ ಸುಳ್ಳು ಸಾಕ್ಷಿಗಳ ಮಾತಿನಿಂದ ಮರಣಕ್ಕೆ ಒಪ್ಪಿಸಲ್ಪಟ್ಟನು. ಆತನ ಹೆಸರನ್ನು ಹೊತ್ತ ನಾವು ಯಾರ ವಿಷಯದಲ್ಲಿಯೂ ಆ ಸುಳ್ಳು ಸಾಕ್ಷಿಗಳ ಗುಂಪಿಗೆ ಸೇರದ ಹಾಗೆ ಆತನು ನಮ್ಮ ಕಿವಿಗಳನ್ನೂ ತುಟಿಗಳನ್ನೂ ನಮ್ಮ ಮಕ್ಕಳ ಕೈಬೆರಳುಗಳನ್ನೂ ಕಾಯಲಿ. ಆಮೆನ್.